ಕಂಪ್ಯೂಟರ್ ಕೆಟ್ಟಾಗ ಮೊದಲ ಫೋನ್ ಯಾರಿಗೆ?

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬೈಯ ಮನೆಗಳಲ್ಲಿ ಕಂಪ್ಯೂಟರ್ ಕೈಕೊಡುವುದು ಅದರ ಬಗ್ಗೆ ನಾಲ್ಕಕ್ಷರ ಬಲ್ಲವರು ಮನೆಯಲ್ಲಿ ಇಲ್ಲದ ಹೊತ್ತಿನಲ್ಲೇ. ಬೆಳಿಗ್ಗೆ ಏಳರ ಲೋಕಲ್ ಹಿಡಿದು ಹೋದವರು ರಾತ್ರಿ ಒಂಬತ್ತರವರೆಗೆ ಸಿಗುವುದಿಲ್ಲ. ಇತ್ತ ಮಗಳ ಪ್ರಾಜೆಕ್ಟ್ ನಾಳೆಯೇ ಕೊಡಬೇಕು, ಪ್ರಿಂಟರ್ ಅಲುಗುತ್ತಿಲ್ಲ. ಮನೆಯಲ್ಲಿದ್ದವರು ಮೊಬೈಲಿನಲ್ಲಿ ಪ್ರಿಂಟರ್ ಕಂಪನಿಯ ಹೆಸರಿನ ಮುಂದೆ ‘ಕಸ್ಟಮರ್ ಕೇರ್ ನಂಬರ್’ ಎಂದು ಸೇರಿಸಿ ಹುಡುಕುತ್ತಾರೆ. ಮೊದಲು ಕಂಡ ಸಂಖ್ಯೆಗೆ ಕರೆ ಹೋಗುತ್ತದೆ. ಆ ಕಡೆಯವರು ಬಹಳ ಮರ್ಯಾದೆಯಿಂದ ಮಾತನಾಡುತ್ತಾರೆ. ಒಂದು ಆ್ಯಪ್ ಹಾಕಿಕೊಳ್ಳಲು ಹೇಳುತ್ತಾರೆ, ತೆರೆಯ ಮೇಲೆ ಕಾಣುವ ಅಂಕಿಗಳನ್ನು ಓದಿ ಹೇಳಲು ಕೇಳುತ್ತಾರೆ, ಹತ್ತು ರೂಪಾಯಿ ನೋಂದಣಿ ಶುಲ್ಕ ಕಟ್ಟಿಸುತ್ತಾರೆ. ಅರ್ಧ ಗಂಟೆಯಲ್ಲಿ ಖಾತೆ ಖಾಲಿ. ಪ್ರಿಂಟರ್ ಮಾತ್ರ ಹಾಗೆಯೇ ಇರುತ್ತದೆ.

ತಾಂತ್ರಿಕ ನೆರವಿನ ಕೆಲಸವನ್ನೇ ವೃತ್ತಿ ಮಾಡಿಕೊಂಡ ನನ್ನಂಥವರಿಗೆ ಭಾನುವಾರ ಬಂತೆಂದರೆ ಪರಿಚಯದವರ ಮನೆಗಳಿಂದ ಕರೆ ತಪ್ಪಿದ್ದಲ್ಲ. ಅವರ ಮಾತು ಕೇಳುತ್ತ ಸ್ಪಷ್ಟವಾದದ್ದು ಇಷ್ಟು: ಕಂಪ್ಯೂಟರ್ ಕೆಟ್ಟರೆ ಹೋಗುವುದು ಹೆಚ್ಚೆಂದರೆ ಕೆಲವು ಸಾವಿರ. ಆ ಗಾಬರಿಯಲ್ಲಿ ಅಪರಿಚಿತರ ನೆರವು ಪಡೆದರೆ ಹೋಗುವುದು ವರ್ಷಗಳ ಉಳಿತಾಯ. ಹೀಗಾಗಿ ಸಣ್ಣ ತೊಂದರೆಗಳನ್ನು ಮನೆಯಲ್ಲೇ ಸರಿಪಡಿಸಲು ಕಲಿಯುವುದು ಕೂಡ ಒಂದು ಬಗೆಯ ಭದ್ರತೆಯೇ.

ಮನೆಯಲ್ಲೇ ಮುಗಿಯುವ ಕೆಲಸ

ಎಲ್ಲರ ಮೊದಲ ದೂರು, ಕಂಪ್ಯೂಟರ್ ನಿಧಾನ ಎಂಬುದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಅದರಲ್ಲಿ ‘ಸ್ಟಾರ್ಟಪ್’ ವಿಭಾಗ ನೋಡಿ. ಕಂಪ್ಯೂಟರ್ ಹಚ್ಚಿದ ಕೂಡಲೇ ತಾವಾಗಿಯೇ ಎದ್ದು ಕೂರುವ ಪ್ರೋಗ್ರಾಂಗಳ ಪಟ್ಟಿ ಅಲ್ಲಿರುತ್ತದೆ. ಬೇಡದ್ದನ್ನು ‘ಡಿಸೇಬಲ್’ ಮಾಡಿ. ಸಿ ಡ್ರೈವ್ ಭರ್ತಿಯಾಗಿದ್ದರೂ ವೇಗ ಕುಸಿಯುತ್ತದೆ. ಐದರಲ್ಲಿ ಒಂದು ಪಾಲು ಜಾಗ ಖಾಲಿ ಇರಲಿ. ಎರಡೆರಡು ಆ್ಯಂಟಿವೈರಸ್ ಹಾಕಿಕೊಂಡರೆ ಅವು ಒಂದಕ್ಕೊಂದು ಅಡ್ಡಗಾಲು ಹಾಕುತ್ತವೆ. ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಮನೆ ಬಳಕೆಗೆ ಸಾಕು. ಇಷ್ಟಾದರೂ ನಿಧಾನವೇ ಆಗಿದ್ದು, ಒಳಗೆ ತಿರುಗುವ ಹಳೆಯ ಹಾರ್ಡ್ ಡಿಸ್ಕ್ ಇದ್ದರೆ, ಅದನ್ನು ತೆಗೆಸಿ ಎಸ್‌ಎಸ್‌ಡಿ ಹಾಕಿಸಿ. ಹೊಸ ಕಂಪ್ಯೂಟರ್ ಕೊಳ್ಳುವ ಖರ್ಚು ಎಷ್ಟೋ ಸಲ ಇದರಿಂದಲೇ ಉಳಿಯುತ್ತದೆ.

ಎರಡನೆಯದು ಮಳೆಗಾಲದ ತೊಂದರೆ. ನಮ್ಮ ಈ ಭಾಗದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. ಡೆಸ್ಕ್‌ಟಾಪ್ ಹಚ್ಚಿದರೆ ಫ್ಯಾನ್ ತಿರುಗುತ್ತದೆ, ಬೀಪ್ ಸದ್ದು ಬರುತ್ತದೆ, ತೆರೆ ಮಾತ್ರ ಕಪ್ಪು. ರ‍್ಯಾಮ್ ಪಟ್ಟಿಯ ಹಲ್ಲುಗಳ ಮೇಲೆ ತೇವ, ಧೂಳು, ಕಿಲುಬು ಕೂತಾಗ ಹೀಗಾಗುವುದು ಸಾಮಾನ್ಯ. ವಿದ್ಯುತ್ ತಂತಿಯನ್ನು ಪೂರ್ತಿ ಕಿತ್ತು, ಪವರ್ ಗುಂಡಿಯನ್ನು ಕೆಲವು ಸೆಕೆಂಡ್ ಒತ್ತಿ ಹಿಡಿದು, ಒಮ್ಮೆ ಲೋಹದ ಭಾಗವನ್ನು ಮುಟ್ಟಿ, ರ‍್ಯಾಮ್ ತೆಗೆದು ಪೆನ್ಸಿಲ್ ರಬ್ಬರಿನಿಂದ ಹಲ್ಲುಗಳನ್ನು ಮೆಲ್ಲಗೆ ಉಜ್ಜಿ ಮತ್ತೆ ಕೂರಿಸಿದರೆ ಹಲವು ಸಲ ಜೀವ ಬರುತ್ತದೆ. ನೆಲಮಹಡಿಯಲ್ಲಿರುವವರು ಸಿಪಿಯು ಪೆಟ್ಟಿಗೆಯನ್ನು ನೆಲದ ಮೇಲೆ ಇಡಬಾರದು. 2005ರ ಜುಲೈ 26ರ ಮಳೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೂರನೆಯದು, ಯಾವ ಜಾಲತಾಣ ತೆರೆದರೂ ‘ನಿಮ್ಮ ಸಂಪರ್ಕ ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ. ಗಾಬರಿಯಾಗುವ ಮೊದಲು ತೆರೆಯ ಮೂಲೆಯ ದಿನಾಂಕ ನೋಡಿ. ಅದು ಹಲವು ವರ್ಷ ಹಿಂದಕ್ಕೆ ಹೋಗಿದ್ದರೆ ಕಾರಣ ಸಿಕ್ಕಿತು. ಜಾಲತಾಣಗಳ ಭದ್ರತಾ ಪತ್ರಕ್ಕೆ ಇಂತಿಷ್ಟು ದಿನ ಎಂಬ ಅವಧಿ ಇರುತ್ತದೆ. ಕಂಪ್ಯೂಟರಿನ ದಿನಾಂಕ ತಪ್ಪಿದ್ದರೆ ಆ ಪತ್ರ ಅದರ ಲೆಕ್ಕದಲ್ಲಿ ಸಿಂಧುವಲ್ಲ. ದಿನಾಂಕ ಸರಿಪಡಿಸಿ. ಮಾರನೆಯ ದಿನ ಮತ್ತೆ ತಪ್ಪಿದರೆ ಮದರ್‌ಬೋರ್ಡಿನ ಮೇಲಿನ ನಾಣ್ಯದಾಕಾರದ ಬ್ಯಾಟರಿ ಮುಗಿದಿದೆ ಎಂದರ್ಥ. ಡೆಸ್ಕ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಸಿಆರ್ 2032. ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ.

ಪ್ರಿಂಟರ್ ವಿಷಯ: ಸಿಕ್ಕಿಕೊಂಡ ಹಳೆಯ ಪ್ರತಿಯೊಂದು ಹಿಂದಿನದ್ದನ್ನೆಲ್ಲ ತಡೆದಿರುತ್ತದೆ. ಪ್ರಿಂಟ್ ಸರದಿಯಲ್ಲಿರುವುದನ್ನೆಲ್ಲ ರದ್ದು ಮಾಡಿ, ಪ್ರಿಂಟರ್ ಮತ್ತು ಕಂಪ್ಯೂಟರ್ ಎರಡನ್ನೂ ಆರಿಸಿ ಹಚ್ಚಿ. ವೈಫೈ ಪ್ರಿಂಟರ್ ಆದರೆ ಎರಡೂ ಒಂದೇ ವೈಫೈನಲ್ಲಿವೆಯೇ ನೋಡಿ. ಇನ್ನು ವೈಫೈ ಒಳಕೋಣೆಗೆ ಬರುವುದಿಲ್ಲ ಎಂದರೆ ನಮ್ಮ ಟವರುಗಳ ಕಾಂಕ್ರೀಟ್ ಗೋಡೆಗಳೇ ಕಾರಣ. ರೂಟರಿನ 5 ಗಿಗಾಹರ್ಟ್ಸ್ ಸಂಕೇತ ವೇಗದ್ದು, ಆದರೆ ಗೋಡೆ ದಾಟುವಾಗ ಸೊರಗುತ್ತದೆ. 2.4ರದ್ದು ನಿಧಾನ, ಆದರೆ ದೂರ ಹೋಗುತ್ತದೆ. ಒಳಕೋಣೆಯಲ್ಲಿ ಎರಡನೆಯದನ್ನು ಬಳಸಿ.

ಕೊನೆಯದಾಗಿ, ತೆರೆ ತುಂಬ ಕೆಂಪು ಬಣ್ಣ, ಕಿವಿಗಡಚಿಕ್ಕುವ ಸದ್ದು, ‘ವೈರಸ್ ಬಂದಿದೆ, ಕಂಪ್ಯೂಟರ್ ಆರಿಸಬೇಡಿ, ಈ ಸಂಖ್ಯೆಗೆ ಕರೆ ಮಾಡಿ’ ಎಂಬ ಬರಹ. ಇದು ವೈರಸ್ ಅಲ್ಲ, ಬರೀ ಒಂದು ವೆಬ್ ಪುಟ. ಮೈಕ್ರೊಸಾಫ್ಟ್‌ನ ನಿಜವಾದ ಎಚ್ಚರಿಕೆಯಲ್ಲಿ ಫೋನ್ ಸಂಖ್ಯೆ ಎಂದೂ ಇರುವುದಿಲ್ಲ. ಎಸ್ಕೇಪ್ ಕೀಲಿಯನ್ನು ಒತ್ತಿ ಹಿಡಿಯಿರಿ. ಹೋಗದಿದ್ದರೆ ಪವರ್ ಗುಂಡಿ ಒತ್ತಿ ಆರಿಸಿಬಿಡಿ. ಮತ್ತೆ ಹಚ್ಚಿದಾಗ ಹಳೆಯ ಪುಟಗಳನ್ನು ತೆರೆಯಲೇ ಎಂದು ಬ್ರೌಸರ್ ಕೇಳಿದರೆ ಬೇಡವೆನ್ನಿ. ಮೂಲೆಯಲ್ಲಿ ಪದೇಪದೇ ಇಂಥ ಚೀಟಿಗಳು ಏಳುತ್ತಿದ್ದರೆ, ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ‘ನೋಟಿಫಿಕೇಶನ್’ ವಿಭಾಗಕ್ಕೆ ಹೋಗಿ, ಯಾವ್ಯಾವ ತಾಣಕ್ಕೆ ‘ಅಲೋ’ ಎಂದು ಅನುಮತಿ ಕೊಟ್ಟಿದ್ದೀರೋ ತೆಗೆದುಹಾಕಿ.

ಅಕ್ಷರ ಗೋಜಲಾದ ಕನ್ನಡ ಕಡತ

ಹೊರನಾಡ ಕನ್ನಡಿಗರಿಗೇ ವಿಶೇಷವಾದ ಒಂದು ತೊಂದರೆಯಿದೆ. ಹದಿನೈದು ವರ್ಷದ ಹಿಂದೆ ನುಡಿಯಲ್ಲೋ ಬರಹದಲ್ಲೋ ಟೈಪ್ ಮಾಡಿದ ಸಂಘದ ವರದಿ, ಯಕ್ಷಗಾನ ಪ್ರಸಂಗ, ಅಜ್ಜನ ನೆನಪಿನ ಬರಹವನ್ನು ಹೊಸ ಲ್ಯಾಪ್‌ಟಾಪಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲು ಕಾಣುತ್ತದೆ. ಕಡತ ಕೆಟ್ಟಿಲ್ಲ. ಆಗಿನ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದವು. ಆ ಫಾಂಟ್ ಇಲ್ಲದಿದ್ದರೆ ಮೂಲ ಸಂಕೇತಗಳೇ ಕಾಣುತ್ತವೆ. ಹಳೆಯ ಫಾಂಟ್ ಹಾಕಿಕೊಂಡು ಓದಬಹುದು. ಆದರೆ ಪರಿವರ್ತಕ ತಂತ್ರಾಂಶದಿಂದ ಯೂನಿಕೋಡ್‌ಗೆ ಬದಲಾಯಿಸಿಟ್ಟುಕೊಳ್ಳುವುದು ಶಾಶ್ವತ ಪರಿಹಾರ. ಪರಿವರ್ತನೆಯಾದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳನ್ನು ಒಮ್ಮೆ ಕಣ್ಣಾಡಿಸಿ ನೋಡಿ. ಮೂಲ ಕಡತವನ್ನು ಮಾತ್ರ ಅಳಿಸಬೇಡಿ. ಕನ್ನಡ ಕೀಲಿಮಣೆಗೆ ತಳಹದಿ ಹಾಕಿಕೊಟ್ಟ ನಾಡೋಜ ಕೆ.ಪಿ. ರಾವ್ ಅವರು ಇದೇ ಮುಂಬೈಯಲ್ಲಿ ಕೆಲಸ ಮಾಡಿದವರು. ಇಲ್ಲಿನ ಸಂಘಗಳ ಹಳೆಯ ಕಡತಗಳು ಓದಲಾಗದೆ ಹೋಗುವುದು ನಮಗೆ ಶೋಭಿಸುವ ಮಾತಲ್ಲ.

ನ್ಹಾವಾ ಶೇವಾ ಕಲಿಸಿದ ಪಾಠ

ಅಪ್‌ಡೇಟ್ ಎಂದು ಕಂಪ್ಯೂಟರ್ ಕೇಳಿದಾಗಲೆಲ್ಲ ‘ಆಮೇಲೆ’ ಎಂದು ಒತ್ತುವವರು ನಾವು. ಅದರ ಬೆಲೆ ಏನೆಂಬುದನ್ನು ನವಿ ಮುಂಬೈ 2017ರ ಜೂನ್ ಕೊನೆಯ ವಾರದಲ್ಲಿ ಕಂಡಿತು. ‘ನಾಟ್‌ಪೆಟ್ಯಾ’ ಎಂಬ ದುಷ್ಟ ತಂತ್ರಾಂಶ ಉಕ್ರೇನಿನ ಲೆಕ್ಕಪತ್ರ ತಂತ್ರಾಂಶವೊಂದರ ಮೂಲಕ ಹೊರಟು ಜಗತ್ತಿನ ಉದ್ದಗಲ ಹಬ್ಬಿತು. ಡೆನ್ಮಾರ್ಕಿನ ಹಡಗು ಸಂಸ್ಥೆ ಮರ್ಸ್ಕ್ ತತ್ತರಿಸಿತು. ಅದರ ಬಳಗ ನಡೆಸುತ್ತಿದ್ದ, ನ್ಹಾವಾ ಶೇವಾದ ಜವಾಹರಲಾಲ್ ನೆಹರೂ ಬಂದರಿನ ಒಂದು ಕಂಟೇನರ್ ಟರ್ಮಿನಲ್ಲಿನ ಕೆಲಸ ನಿಂತುಹೋಯಿತು. ಆ ತಂತ್ರಾಂಶ ಹಬ್ಬಲು ಬಳಸಿದ ದಾರಿಗಳಲ್ಲಿ ಒಂದು ವಿಂಡೋಸ್‌ನ ಹಳೆಯ ಬಿರುಕು. ಅದನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೊಸಾಫ್ಟ್ ಅದೇ ಮಾರ್ಚ್ 14ರಂದೇ ಕೊಟ್ಟಿತ್ತು. ಮೇ ತಿಂಗಳಲ್ಲಿ ‘ವನ್ನಾಕ್ರೈ’ ಅದೇ ಬಿರುಕಿನಿಂದ ನುಗ್ಗಿ ಎಚ್ಚರಿಸಿಯೂ ಆಗಿತ್ತು.

ಮರ್ಸ್ಕ್ ಸುಮಾರು 4,000 ಸರ್ವರ್, 45,000 ಕಂಪ್ಯೂಟರುಗಳಿಗೆ ಹತ್ತು ದಿನದಲ್ಲಿ ಹೊಸದಾಗಿ ತಂತ್ರಾಂಶ ಹಾಕಬೇಕಾಯಿತು. ಇಡೀ ಜಾಲಕ್ಕೆ ಅಗತ್ಯವಾದ ಮುಖ್ಯ ಮಾಹಿತಿಯ ಒಂದೇ ಒಂದು ಪ್ರತಿ ಉಳಿದಿದ್ದು ಆಫ್ರಿಕಾದ ಘಾನಾ ದೇಶದ ಕಚೇರಿಯಲ್ಲಿ. ಕಾರಣ, ದಾಳಿಯ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿತ್ತು! ಲೋಡ್ ಶೆಡ್ಡಿಂಗ್ ಅನುಭವಿಸಿದ ನಮಗೆ ಇದು ನಗು ತರಿಸಬಹುದು. ಆದರೆ ಬ್ಯಾಕಪ್ ಎಂದರೇನು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ಇಲ್ಲ. ಕಂಪ್ಯೂಟರಿಗೆ ಸದಾ ತಗುಲಿಕೊಂಡಿರುವ ಹಾರ್ಡ್ ಡಿಸ್ಕ್ ಬ್ಯಾಕಪ್ ಅಲ್ಲ. ತಿಂಗಳಿಗೊಮ್ಮೆ ಜೋಡಿಸಿ, ಫೋಟೊ ಮತ್ತು ದಾಖಲೆಗಳನ್ನು ನಕಲು ಮಾಡಿ, ಕಿತ್ತು ಕಪಾಟಿನಲ್ಲಿ ಇಟ್ಟದ್ದು ಬ್ಯಾಕಪ್.

ವಿಂಡೋಸ್ 10 ಬಳಸುವವರು ಇನ್ನೊಂದು ವಿಷಯ ಗಮನಿಸಬೇಕು. ಅದಕ್ಕೆ ಮೈಕ್ರೊಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನೋಂದಾಯಿಸಿಕೊಂಡ ಮನೆ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಕೊಡುವುದಾಗಿ ಅದು ಪ್ರಕಟಿಸಿತು. ನಿಮ್ಮ ಯಂತ್ರ ವಿಂಡೋಸ್ 11ಕ್ಕೆ ಅರ್ಹವೇ ಎಂಬುದು ಸೆಟ್ಟಿಂಗ್ಸ್‌ನ ಅಪ್‌ಡೇಟ್ ಪುಟದಲ್ಲೇ ತಿಳಿಯುತ್ತದೆ. ಅರ್ಹವಲ್ಲದಿದ್ದರೆ ಲಿನಕ್ಸ್ ಹಾಕಿಸಿ. ಕನ್ನಡ ಅದರಲ್ಲೂ ಚೆನ್ನಾಗಿ ಮೂಡುತ್ತದೆ. ಅಂಗಡಿಯಲ್ಲಿ ಬಿಟ್ಟಿಯಾಗಿ ಹಾಕಿಕೊಡುವ ನಕಲಿ ವಿಂಡೋಸ್ ಮಾತ್ರ ಬೇಡ. ಅದನ್ನು ಚಾಲೂ ಮಾಡುವ ಕಳ್ಳ ಪ್ರೋಗ್ರಾಂಗಾಗಿ ಡಿಫೆಂಡರನ್ನೇ ಆರಿಸಿಡುತ್ತಾರೆ. ಅಂದರೆ ಕಾವಲುಗಾರನನ್ನು ಮಲಗಿಸಿಯೇ ಮನೆಯ ಕೀಲಿ ನಿಮ್ಮ ಕೈಗಿಡುತ್ತಾರೆ. ರಿಪೇರಿಗೆ ಕೊಡುವ ಮುನ್ನ ಬ್ರೌಸರಿನಿಂದ, ಇಮೇಲಿನಿಂದ ಸೈನ್ ಔಟ್ ಆಗುವುದನ್ನೂ ಮರೆಯಬೇಡಿ.

ಮೀರಾ ರೋಡಿನ ಪಾಠ

ಭಯವನ್ನೇ ಬಂಡವಾಳ ಮಾಡಿಕೊಳ್ಳುವ ದಂಧೆ ಹೇಗೆ ನಡೆಯುತ್ತದೆ ಎಂಬುದಕ್ಕೂ ಉದಾಹರಣೆ ಹತ್ತಿರದಲ್ಲೇ ಇದೆ. 2016ರ ಅಕ್ಟೋಬರ್ ಮೊದಲ ವಾರ ಠಾಣೆ ಪೊಲೀಸರು ಮೀರಾ ರೋಡಿನ ಕಾಲ್ ಸೆಂಟರುಗಳ ಮೇಲೆ ದಾಳಿ ಮಾಡಿ 700ಕ್ಕೂ ಹೆಚ್ಚು ಮಂದಿಯನ್ನು ವಶಕ್ಕೆ ಪಡೆದರು, 70 ಮಂದಿಯನ್ನು ಬಂಧಿಸಿದರು. ಅಲ್ಲಿಂದ ಅಮೆರಿಕದವರಿಗೆ ತೆರಿಗೆ ಅಧಿಕಾರಿಗಳ ಸೋಗಿನಲ್ಲಿ ಕರೆ ಹೋಗುತ್ತಿತ್ತು. ‘ತೆರಿಗೆ ಬಾಕಿ ಇದೆ, ಈಗಲೇ ಕಟ್ಟದಿದ್ದರೆ ಪೊಲೀಸರು ಮನೆ ಬಾಗಿಲಿಗೆ ಬರುತ್ತಾರೆ’ ಎಂಬ ಬೆದರಿಕೆ. ಗಿಫ್ಟ್ ಕಾರ್ಡ್ ಕೊಳ್ಳಿಸಿ ಅದರ ಸಂಖ್ಯೆ ಓದಿಸಿಕೊಂಡು ಹಣ ಎಗರಿಸುತ್ತಿದ್ದರು. ಹೇಳಬೇಕಾದ ಮಾತೆಲ್ಲ ಮೊದಲೇ ಬರೆದಿಟ್ಟದ್ದು. ಯೋಚಿಸಲು ಬಿಡಬಾರದು, ಫೋನ್ ಇಡಲು ಬಿಡಬಾರದು, ಮನೆಯವರಿಗೆ ಹೇಳಲು ಬಿಡಬಾರದು ಎಂಬುದೇ ಅದರ ತಿರುಳು.

ಇಂದು ಅದೇ ಮಾತು ವೇಷ ಬದಲಿಸಿ ನಮ್ಮ ಮನೆಗೇ ಬಂದಿದೆ. ಹೆಸರು ‘ಡಿಜಿಟಲ್ ಅರೆಸ್ಟ್’. 2024ರ ಅಕ್ಟೋಬರ್ 27ರ ‘ಮನದ ಮಾತು’ ಕಾರ್ಯಕ್ರಮದಲ್ಲಿ ಪ್ರಧಾನಿ ಇಂಥದೊಂದು ವಂಚನೆ ಕರೆಯನ್ನೇ ಕೇಳಿಸಿ, ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಎಂಬುದೇ ಇಲ್ಲ ಎಂದು ಹೇಳಿದರು. ಆ ಕರೆ ಹೋಗಿದ್ದು ಕರ್ನಾಟಕದಲ್ಲಿದ್ದವರೊಬ್ಬರಿಗೆ. ಇಂಥ ಕರೆಗಳಲ್ಲಿ ಹೆಚ್ಚಾಗಿ ಕೇಳಿಬರುವುದು ‘ಮುಂಬೈ ಪೊಲೀಸ್’, ‘ಮುಂಬೈ ಕಸ್ಟಮ್ಸ್’ ಎಂಬ ಹೆಸರು. ಇಲ್ಲಿರುವ ನಮಗೆ ಅಪಾಯ ಹೆಚ್ಚುವುದು ಇದರಿಂದಲೇ. ಊರಿನಲ್ಲಿ ಮಗ, ಮಗಳು ಮುಂಬೈ ಕಡೆ ಇದ್ದಾರೆ ಎಂದು ಕೂತ ಅಪ್ಪ ಅಮ್ಮನಿಗೆ ‘ಮುಂಬೈ ಪೊಲೀಸ್’ ಎಂಬ ಎರಡು ಪದ ಸಾಕು, ಎದೆ ಧಸಕ್ಕೆನ್ನುತ್ತದೆ. ಬೇರೆಯವರು ನಂಬಲು ಹತ್ತು ನಿಮಿಷ ಹಿಡಿದರೆ ಅವರು ಒಂದೇ ನಿಮಿಷದಲ್ಲಿ ನಂಬುತ್ತಾರೆ.

ಇಲ್ಲಿನವರಿಗೆ ಇದೇ ಬಲೆಯ ಸಣ್ಣ ರೂಪಗಳು ದಿನವೂ ಬರುತ್ತವೆ. ‘ಬಿಲ್ ಕಟ್ಟಿಲ್ಲ, ರಾತ್ರಿ 9.30ಕ್ಕೆ ಕರೆಂಟ್ ಕಡಿತ’ ಎಂದು ಯಾರದೋ ಮೊಬೈಲ್ ಸಂಖ್ಯೆಯಿಂದ ಸಂದೇಶ ಬಂದರೆ ಅದು ಮಹಾವಿತರಣದ್ದಲ್ಲ. ವಾಟ್ಸ್‌ಆ್ಯಪಿನಲ್ಲಿ ಮದುವೆ ಕರೆಯೋಲೆ, ವಾಹನದ ದಂಡದ ಚಲನ್ ಎಂಬ ಹೆಸರಿನಲ್ಲಿ ಬರುವ, ಕೊನೆಯಲ್ಲಿ ‘ಎಪಿಕೆ’ ಎಂದಿರುವ ಕಡತವನ್ನು ತೆರೆಯಲೇಬಾರದು. ಅದು ಕರೆಯೋಲೆಯಲ್ಲ, ನಿಮ್ಮ ಎಸ್‌ಎಂಎಸ್ ಓದಿ ಒಟಿಪಿ ಕದಿಯಬಲ್ಲ ಆ್ಯಪ್. ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಿಲ್ಲ. ಪಿನ್ ಕೇಳಿತೆಂದರೆ ಹಣ ಹೋಗುತ್ತಿದೆ ಎಂದೇ ಅರ್ಥ. ಬ್ಯಾಂಕಿನ ಸಂಖ್ಯೆಯನ್ನು ಗೂಗಲ್‌ನಲ್ಲಿ ಹುಡುಕದೆ ಪಾಸ್‌ಬುಕ್ ಅಥವಾ ಕಾರ್ಡಿನ ಬೆನ್ನಿನಿಂದ ತೆಗೆದುಕೊಳ್ಳಿ. ರಿಸರ್ವ್ ಬ್ಯಾಂಕಿನ ಸೂಚನೆಯಂತೆ ಬ್ಯಾಂಕುಗಳ ಜಾಲತಾಣಗಳು ಈಗ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂಬ ವಿಳಾಸಕ್ಕೆ ಬದಲಾಗಿವೆ. ವಿಳಾಸದ ಕೊನೆಯನ್ನು ನೋಡುವುದು ರೂಢಿಯಾಗಲಿ.

ಊರಿನ ಸಿಮ್, ಊರಿನ ಅಪ್ಪ ಅಮ್ಮ

ವಲಸೆ ಬಂದವರು ಸಾಮಾನ್ಯವಾಗಿ ಮರೆಯುವುದು ಊರಿನ ಹಳೆಯ ಮೊಬೈಲ್ ಸಂಖ್ಯೆಯನ್ನು. ಇಲ್ಲಿ ಹೊಸ ಸಿಮ್ ತೆಗೆದುಕೊಂಡು ಅದನ್ನು ರೀಚಾರ್ಜ್ ಮಾಡದೆ ಬಿಡುತ್ತಾರೆ. ಮೂರು ತಿಂಗಳು ಬಳಕೆಯಿಲ್ಲದ ಸಂಖ್ಯೆ ಕಡಿತವಾಗಬಹುದು, ಮುಂದೆ ಅದೇ ಸಂಖ್ಯೆ ಬೇರೆ ಯಾರಿಗೋ ಸಿಗಬಹುದು. ಆದರೆ ಜಿಮೇಲ್, ಆಧಾರ್, ಊರಿನ ಬ್ಯಾಂಕ್ ಖಾತೆ ಇನ್ನೂ ಅದಕ್ಕೇ ಜೋಡಣೆಯಾಗಿರುತ್ತವೆ. ಪಾಸ್‌ವರ್ಡ್ ಮರೆತ ದಿನ ಒಟಿಪಿ ಅಪರಿಚಿತರ ಮನೆಗೆ ಹೋಗುತ್ತದೆ. ಇದೇ ವಾರ ಕೂತು ಎಲ್ಲ ಕಡೆ ಸಂಖ್ಯೆ ಬದಲಾಯಿಸಿ. ಇಮೇಲಿಗೆ ಎರಡು ಹಂತದ ಪರಿಶೀಲನೆ ಹಾಕಿಕೊಳ್ಳಿ. ಉಳಿದೆಲ್ಲ ಖಾತೆಗಳ ಪಾಸ್‌ವರ್ಡ್ ಬದಲಿಸುವ ದಾರಿ ಇಮೇಲ್ ಮೂಲಕವೇ ಹೋಗುವುದರಿಂದ ಅದರ ಪಾಸ್‌ವರ್ಡ್ ಬೇರೆಲ್ಲೂ ಬಳಸದ್ದಾಗಿರಲಿ. ಕೇಂದ್ರದ ಸಂಚಾರ್ ಸಾಥಿ ತಾಣದಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂಬುದನ್ನೂ ನೋಡಬಹುದು.

ಇನ್ನು ಅಪ್ಪ ಅಮ್ಮನ ವಿಷಯ. ಊರಿನಲ್ಲಿ ಅವರ ಮೊಬೈಲ್, ಕಂಪ್ಯೂಟರ್ ಕೆಟ್ಟರೆ ನಾವೇ ಇಲ್ಲಿಂದ ‘ಈ ಆ್ಯಪ್ ಹಾಕಿ, ನಂಬರ್ ಓದಿ ಹೇಳಿ, ಅಲೋ ಒತ್ತಿ’ ಎನ್ನುತ್ತೇವೆ. ದೂರದಿಂದ ಸರಿಪಡಿಸಲು ಬೇರೆ ದಾರಿಯಿಲ್ಲ ನಿಜ. ಆದರೆ ವಂಚಕರು ಹೇಳುವುದೂ ಅಕ್ಷರಶಃ ಇದನ್ನೇ. ಇಂಥ ದೂರ ನಿಯಂತ್ರಣದ ಆ್ಯಪ್ ಮೂಲಕ ಹಣ ಕದಿಯುವ ಬಗ್ಗೆ ರಿಸರ್ವ್ ಬ್ಯಾಂಕ್ 2019ರ ಫೆಬ್ರುವರಿಯಲ್ಲೇ ಎಚ್ಚರಿಸಿತ್ತು. ಹಾಗಾಗಿ ಪ್ರತಿ ಮನೆಯಲ್ಲೂ ಒಂದು ಕಟ್ಟುಪಾಡು ಇರಲಿ. ಸಂಪರ್ಕ ಯಾವಾಗಲೂ ಅಪ್ಪ ಅಮ್ಮನೇ ಮಗ ಅಥವಾ ಮಗಳ ಗೊತ್ತಿರುವ ಸಂಖ್ಯೆಗೆ ಕರೆ ಮಾಡಿ ಶುರುವಾಗಬೇಕು. ಒಳಗಿನಿಂದ ಬಂದ ಕರೆಗೆ, ಅದು ನಮ್ಮ ದನಿಯಂತೆಯೇ ಇದ್ದರೂ, ಆ್ಯಪ್ ಹಾಕಬಾರದು. ಕೆಲಸ ಮುಗಿದ ಕೂಡಲೇ ಆ್ಯಪ್ ತೆಗೆಸಿಬಿಡಬೇಕು. ಜೊತೆಗೆ ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಗುಟ್ಟಿನ ಪದ ಇರಲಿ. ಹಿತ್ತಲ ಮಾವಿನ ಮರಕ್ಕೆ ಮನೆಯಲ್ಲಿ ಕರೆಯುವ ಹೆಸರು, ಮಾರಿದ ಎಮ್ಮೆಯ ಹೆಸರು, ಯಾವುದಾದರೂ ಸರಿ. ‘ನಿಮ್ಮ ಮಗ ಸಿಕ್ಕಿಬಿದ್ದಿದ್ದಾನೆ’ ಎಂದವನಿಗೆ ಆ ಪದ ಗೊತ್ತಿರುವುದಿಲ್ಲ.

ಹಣ ಹೋದ ಮೇಲೆ

ಇಷ್ಟಾದರೂ ಹಣ ಹೋಯಿತೆನ್ನಿ. ಮೊದಲು ಮೊಬೈಲಿನ ಡೇಟಾ, ವೈಫೈ ಆರಿಸಿ. ಬೇರೆ ಫೋನಿನಿಂದ 1930ಕ್ಕೆ ಕರೆ ಮಾಡಿ. ದೇಶದ ಎಲ್ಲಿಂದಲಾದರೂ ಇದೇ ಸಂಖ್ಯೆ. ಹಣ ಖಾತೆಯಿಂದ ಖಾತೆಗೆ ಹಾರುತ್ತಿರುವಾಗಲೇ ತಡೆಹಿಡಿಯುವುದು ಇದರ ಕೆಲಸವಾದ್ದರಿಂದ ಪ್ರತಿ ನಿಮಿಷಕ್ಕೂ ಬೆಲೆಯಿದೆ. ವಹಿವಾಟಿನ ಸಂಖ್ಯೆ, ಸಮಯ, ಮೊತ್ತ ಕೈಯಲ್ಲಿರಲಿ. ಬ್ಯಾಂಕಿಗೂ ತಿಳಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಸೈಬರ್‌ಕ್ರೈಮ್ ಡಾಟ್ ಜಿಓವಿ ಡಾಟ್ ಇನ್ ತಾಣದಲ್ಲಿ ದೂರು ದಾಖಲಿಸಿ. ಸಂದೇಶಗಳನ್ನು ಅಳಿಸಬೇಡಿ, ಅವೇ ಸಾಕ್ಷಿ.

ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ತಪ್ಪು ಗ್ರಾಹಕರದ್ದೂ ಅಲ್ಲದೆ ಬ್ಯಾಂಕಿನದ್ದೂ ಅಲ್ಲದೆ ಬೇರೆಡೆಯದ್ದಾಗಿದ್ದು, ಬ್ಯಾಂಕಿನ ಸೂಚನೆ ಸಿಕ್ಕ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟದ ಹೊಣೆ ಗ್ರಾಹಕರದ್ದಾಗಿರಲಿಲ್ಲ. ಒಟಿಪಿ, ಪಿನ್ ನಾವೇ ಹೇಳಿಕೊಟ್ಟಿದ್ದರೆ ತಿಳಿಸುವವರೆಗಿನ ನಷ್ಟ ನಮ್ಮದೆಂದು ಅದು ಹೇಳಿತ್ತು. ಆದರೆ ತಿಳಿಸಿದ ನಂತರ ಹೋದ ಹಣಕ್ಕೆ ಬ್ಯಾಂಕ್ ಹೊಣೆಯಾಗಿತ್ತು. ಆದ್ದರಿಂದ ಮರ್ಯಾದೆ ಹೋದೀತೆಂದು ಒಂದು ರಾತ್ರಿ ಸುಮ್ಮನಿದ್ದರೂ ನಷ್ಟ ದೊಡ್ಡದಾಗಬಹುದು. ಮನೆಯಲ್ಲಿ ಹಿರಿಯರು ಮೋಸ ಹೋದರೆ ಬೈಯಬೇಡಿ. ಬೈಗುಳಕ್ಕೆ ಹೆದರುವವರು ಮುಂದಿನ ಸಲ ತಡವಾಗಿ ಹೇಳುತ್ತಾರೆ, ಅಥವಾ ಹೇಳುವುದೇ ಇಲ್ಲ.

ಈ ಭಾನುವಾರ ಒಂದು ಕೆಲಸ ಮಾಡಿ. ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ 1930, ನಿಮ್ಮ ಬ್ಯಾಂಕಿನ ನಿಜವಾದ ಸಂಖ್ಯೆ, ಕರೆಂಟ್ ದೂರಿಗೆ 1912, ಮತ್ತು ಕಂಪ್ಯೂಟರ್ ಗೊತ್ತಿರುವ ಇಬ್ಬರು ಪರಿಚಿತರ ಸಂಖ್ಯೆ ಬರೆದು ಕಂಪ್ಯೂಟರಿನ ಪಕ್ಕದ ಗೋಡೆಗೆ ಅಂಟಿಸಿ. ಅದರ ಫೋಟೊವನ್ನು ಊರಿಗೂ ಕಳಿಸಿ, ಟಿವಿಯ ಪಕ್ಕ ಅಂಟಿಸಲು ಹೇಳಿ. ನಮ್ಮ ಕನ್ನಡ ಸಂಘಗಳಲ್ಲಿ ರಾಜ್ಯೋತ್ಸವ, ಯಕ್ಷಗಾನ, ಆರೋಗ್ಯ ತಪಾಸಣೆ ನಡೆಯುತ್ತವೆ. ತಿಂಗಳಿಗೊಂದು ಭಾನುವಾರ ಎರಡು ಗಂಟೆ, ಕಂಪ್ಯೂಟರ್ ಬಲ್ಲ ನಾಲ್ವರು ಯುವಕ ಯುವತಿಯರನ್ನು ಕೂರಿಸಿದರೆ ಅದೂ ಒಂದು ತಪಾಸಣೆಯೇ. ಕೆಟ್ಟ ಕಂಪ್ಯೂಟರನ್ನು ಯಾರ ಬಳಿ ಒಯ್ಯಬೇಕೆಂದು ಗೊತ್ತಿರುವ ಮನೆಯವರು ಗೂಗಲ್‌ನಲ್ಲಿ ಸಿಕ್ಕ ಯಾವುದೋ ಸಂಖ್ಯೆಗೆ ಕರೆ ಮಾಡುವುದಿಲ್ಲ.